ಗೇರು ತೋಟದಿಂದ ಜಿನೀವಾಕ್ಕೆ, ಜಿನೀವಾದಿಂದ ಮನೆ ಬಾಗಿಲಿಗೆ

ಜಿನೀವಾ ಎಲ್ಲಿ, ಹೊನ್ನಾವರ ಎಲ್ಲಿ? ‘ಅಂತರರಾಷ್ಟ್ರೀಯ ಸಹಕಾರ’ ಅಂದ ಕೂಡಲೇ ನಮಗೆ ನೆನಪಾಗೋದು ಕೋಟು ಹಾಕಿದವರು ಕೈಕುಲುಕುವ ಫೋಟೋ, ಇಲ್ಲಾ ಯುಪಿಎಸ್‌ಸಿಗೆ ಓದ್ತಿರೋ ಸೀನಿಯರ್‌ಗಳ ನೋಟ್ಸು. ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಆ ಪದ ಹೇಳಿದ್ರೆ ನಮ್ಮನ್ನು ನೋಡಿ ನಗ್ತಾರೆ. ಆದರೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಕೆಲವು ಮನೆಗಳ ಮಟ್ಟಿಗೆ ಅದು ಬರೀ ಪದ ಅಲ್ಲ. ಆ ಮನೆಗಳ ಬದುಕಿನಲ್ಲಿ ಎರಡು ಜಾಗತಿಕ ಒಪ್ಪಂದಗಳು ಬಂದು ಸೇರುತ್ತವೆ. ಮೊದಲನೆಯದು ತನ್ನ ಕೆಲಸ ಮಾಡಿತು. ಎರಡನೆಯದು ಇನ್ನೂ ದಾರಿಯಲ್ಲಿದೆ. ಅದು ಮನೆ ತಲುಪುವುದರಲ್ಲಿ ನಮ್ಮಂಥ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪಾಲೂ ಇದೆ ಅನ್ನೋದು ಈ ಬರಹದ ಮಾತು.

ನಾವು ಹೇಳ್ತಿರೋದು ಎಂಡೋಸಲ್ಫಾನ್ ಬಾಧಿತರ ಬಗ್ಗೆ.

ವಿಷ ಬಂದ ದಾರಿ

ಗೇರು ಬೆಳೆಗೆ ಟೀ ಸೊಳ್ಳೆಯ ಕಾಟ ಜಾಸ್ತಿ. ಚಿಗುರು, ಹೂವು, ಎಳೇ ಬೀಜಗಳ ರಸ ಹೀರಿ ಫಸಲನ್ನೇ ಹಾಳು ಮಾಡುವ ಕೀಟ ಅದು. ಅದನ್ನು ಕೊಲ್ಲೋಕೆ ಬಳಸಿದ್ದು ಎಂಡೋಸಲ್ಫಾನ್. 1950ರ ದಶಕದಲ್ಲಿ ತಯಾರಾದ, ಕ್ಲೋರಿನ್ ಸೇರಿದ ಕೀಟನಾಶಕ. ಬೆಲೆ ಕಡಿಮೆ, ಪರಿಣಾಮ ಬೇಗ. ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ ಕಾಸರಗೋಡಿನ ತನ್ನ ಗೇರು ತೋಟಗಳ ಮೇಲೆ 1976ರಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಇದನ್ನು ಸಿಂಪಡಿಸಿತು. ಗಡಿಯ ಈಚೆ ನಮ್ಮ ಕರಾವಳಿಯಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಇದೇ ಔಷಧ ಬಳಕೆಯಾಯಿತು. ‘ಔಷಧ ಹೊಡೆಯೋದು’ ಅಂತಲೇ ನಾವು ಈಗಲೂ ಹೇಳ್ತೀವಿ. ವಿಷಕ್ಕೆ ನಾವಿಟ್ಟ ಹೆಸರು ಅದು.

ಮೊದಲು ಗೊತ್ತಾಗಿದ್ದು ಲ್ಯಾಬಿನಲ್ಲಲ್ಲ, ಹಟ್ಟಿಯಲ್ಲಿ. ಕಾಸರಗೋಡಿನ ಕನ್ನಡ ಸೀಮೆಯ ಪಡ್ರೆಯಲ್ಲಿ ಕರುಗಳು ವಿಕಾರವಾಗಿ ಹುಟ್ಟುತ್ತಿರುವುದನ್ನು ಪತ್ರಕರ್ತ ಶ್ರೀಪಡ್ರೆ ಗಮನಿಸಿ ಬರೆದರು. ಅಲ್ಲೇ ವಾಣಿನಗರದಲ್ಲಿ ವೈದ್ಯರಾಗಿದ್ದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವವರಲ್ಲಿ ನರಸಂಬಂಧಿ ತೊಂದರೆ, ಬುದ್ಧಿಮಾಂದ್ಯ, ಹುಟ್ಟಿನಿಂದಲೇ ಬಂದ ಅಂಗವೈಕಲ್ಯ ಅಸಹಜವಾಗಿ ಹೆಚ್ಚಿರುವುದನ್ನು ಕಂಡು ಎಚ್ಚರಿಸಿದರು. ಕನ್ನಡ ಬಲ್ಲ ಒಬ್ಬ ಹಳ್ಳಿ ಪತ್ರಕರ್ತ, ಒಬ್ಬ ಹಳ್ಳಿ ಡಾಕ್ಟರು ಕೇಳಿದ ಪ್ರಶ್ನೆಯೇ ಮುಂದೆ ಅಧ್ಯಯನ, ಕೋರ್ಟು, ಆಯೋಗಗಳನ್ನು ದಾಟಿ ಜಿನೀವಾದ ಸಭೆಯವರೆಗೂ ಹೋಯ್ತು.

ಕರ್ನಾಟಕದಲ್ಲಿ ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ ಬಾಧಿತರನ್ನು ಸರ್ಕಾರವೇ ಗುರುತಿಸಿತು. ಉತ್ತರ ಕನ್ನಡದ ಪಟ್ಟಿಯಲ್ಲಿ ಭಟ್ಕಳ, ಹೊನ್ನಾವರ, ಕುಮಟಾ ಇವೆ. ವೈಕಲ್ಯದ ಪ್ರಮಾಣ ನೋಡಿ ತಿಂಗಳ ಮಾಸಾಶನ ಕೊಡುವ ವ್ಯವಸ್ಥೆಯೂ ಬಂತು.

ನಮ್ಮಲ್ಲಿ ಬಹುತೇಕರು ಹುಟ್ಟಿದ್ದೇ 2000ದ ಈಚೆಗೆ. ಅದಕ್ಕೇ ಇದು ಹಳೇ ಸುದ್ದಿ ಅನ್ಸುತ್ತೆ. ಆದರೆ ಆಗಿನ ಮಕ್ಕಳು ಈಗ ದೊಡ್ಡವರಾಗಿದ್ದಾರೆ. ಅವರನ್ನು ಎತ್ತಿ ಸ್ನಾನ ಮಾಡಿಸುತ್ತಿದ್ದ ಅಮ್ಮಂದಿರಿಗೆ ವಯಸ್ಸಾಗಿದೆ. ಐದು ವರ್ಷದ ಮಗುವನ್ನು ಎತ್ತುವುದು ಬೇರೆ, ಇಪ್ಪತ್ತೆಂಟರ ಮಗನನ್ನು ಎತ್ತುವುದು ಬೇರೆ. ಇಂಥ ತಂದೆ ತಾಯಿಯರು ಎಲ್ಲ ಕಡೆ ಕೇಳುವ ಪ್ರಶ್ನೆ ಒಂದೇ: “ನಾವು ಹೋದ ಮೇಲೆ ಇವನನ್ನು ನೋಡೋರು ಯಾರು?” ಸಿಂಪಡಣೆ ನಿಂತಿದ್ದರಿಂದ ಈ ಪ್ರಶ್ನೆ ನಿಲ್ಲಲಿಲ್ಲ.

ಮೊದಲ ಒಪ್ಪಂದ: ವಿಷ ನಿಂತಿತು

ಮೊದಲನೆಯದು ಸ್ಟಾಕ್‌ಹೋಮ್ ಒಡಂಬಡಿಕೆ. ಬೇಗ ಕರಗದ, ದೇಹದಲ್ಲಿ ಸೇರಿಕೊಳ್ಳುವ, ದೂರ ದೂರ ಹೋಗುವ ವಿಷಗಳನ್ನು ಜಗತ್ತಿನಿಂದಲೇ ತೆಗೆಯಬೇಕು ಅನ್ನುವ ಒಪ್ಪಂದ. 2001ರಲ್ಲಿ ಅಂಗೀಕಾರವಾಗಿ 2004ರಲ್ಲಿ ಜಾರಿಗೆ ಬಂತು. ಭಾರತ 2006ರಲ್ಲಿ ಸೇರಿತು.

ಎಂಡೋಸಲ್ಫಾನ್ ಅನ್ನು ಈ ಪಟ್ಟಿಗೆ ಸೇರಿಸಬೇಕೆಂದು 2007ರಲ್ಲಿ ಪ್ರಸ್ತಾಪ ಇಟ್ಟಿದ್ದು ಐರೋಪ್ಯ ಒಕ್ಕೂಟ. ಬೇರೆ ಬೇರೆ ದೇಶಗಳ ತಜ್ಞರ ಸಮಿತಿ ಅದನ್ನು ಹಂತ ಹಂತವಾಗಿ ಪರೀಕ್ಷಿಸಿತು. ಅಲ್ಲಿ ತೂಕ ಪಡೆದ ಒಂದು ಸಾಕ್ಷ್ಯ ಎಂಜಿನಿಯರಿಂಗ್ ಓದೋರಿಗೆ ಬೇಗ ಅರ್ಥ ಆಗುತ್ತೆ. ಈ ರಾಸಾಯನಿಕ ಬಿಸಿ ಪ್ರದೇಶದಲ್ಲಿ ಆವಿಯಾಗಿ ಮೇಲೇರುತ್ತೆ, ಗಾಳಿ ಜೊತೆ ಸಾಗುತ್ತೆ, ತಣ್ಣಗಿನ ಪ್ರದೇಶದಲ್ಲಿ ಕೆಳಗಿಳಿಯುತ್ತೆ. ಗೇರು ಮರವೇ ಇಲ್ಲದ ಆರ್ಕ್‌ಟಿಕ್‌ನ ಗಾಳಿ, ನೀರು, ಪ್ರಾಣಿಗಳಲ್ಲೂ ಇದು ಸಿಕ್ಕಿತು. ಅಲ್ಲಿಗೆ ‘ಇದು ನಮ್ಮ ದೇಶದ ಒಳಗಿನ ವಿಷಯ’ ಅನ್ನುವ ವಾದ ನಿಲ್ಲದಾಯ್ತು.

ಆಗ ಈ ಕೀಟನಾಶಕವನ್ನು ಅತಿ ಹೆಚ್ಚು ತಯಾರಿಸುತ್ತಿದ್ದ ದೇಶ ಭಾರತ. ನಮ್ಮ ಸರ್ಕಾರ ನಿಷೇಧವನ್ನು ಕೊನೇ ತನಕ ವಿರೋಧಿಸಿತ್ತು. ಬದಲಿ ಔಷಧ ದುಬಾರಿ, ಸಣ್ಣ ರೈತನಿಗೆ ಹೊಡೆತ ಬೀಳುತ್ತೆ ಅನ್ನೋದು ಅದರ ವಾದ. ಆ ವಾದದಲ್ಲಿ ಹುರುಳೇ ಇಲ್ಲ ಅಂತ ನಾವು ಹೇಳಲ್ಲ. ಆದರೆ ಅಗ್ಗದ ಔಷಧಿಯ ಬಾಕಿ ಬೆಲೆಯನ್ನು ಯಾರು ಕಟ್ಟಿದ್ರು ಅನ್ನೋದನ್ನೂ ಅದೇ ಲೆಕ್ಕದಲ್ಲಿ ಬರೀಬೇಕಲ್ವಾ? 2011ರ ಫೆಬ್ರವರಿಯಲ್ಲಿ ಕರ್ನಾಟಕ ಇದರ ಬಳಕೆಯನ್ನು ತಡೆಹಿಡಿಯಿತು. ಏಪ್ರಿಲ್ ಕೊನೆಯಲ್ಲಿ ಜಿನೀವಾದಲ್ಲಿ ಸೇರಿದ ದೇಶಗಳು, ಕೆಲವು ಬೆಳೆಗಳಿಗೆ ತಾತ್ಕಾಲಿಕ ವಿನಾಯಿತಿ ಇಟ್ಟು, ಎಂಡೋಸಲ್ಫಾನ್ ಅನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಭಾರತವೂ ಒಪ್ಪಿತು. ಅದಾಗಿ ಎರಡೇ ವಾರಕ್ಕೆ, ಮೇ 13ರಂದು, ಸುಪ್ರೀಂ ಕೋರ್ಟ್ ದೇಶದಾದ್ಯಂತ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು.

ಇದು ಅಂತರರಾಷ್ಟ್ರೀಯ ಸಹಕಾರ ಗೆದ್ದ ಕಥೆ. ಹಳ್ಳಿಯವರ ಅನುಭವ, ಹೊರಗಿನ ವಿಜ್ಞಾನ, ನಮ್ಮ ಕೋರ್ಟು ಮೂರೂ ಸೇರಿದ್ದರಿಂದ ಆದದ್ದು. ಒಂದೇ ಇದ್ದಿದ್ರೆ ಆಗ್ತಿರಲಿಲ್ಲ.

ಎರಡನೇ ಒಪ್ಪಂದ: ಇನ್ನೂ ದಾರಿಯಲ್ಲಿದೆ

ಎರಡನೆಯದು ವಿಶ್ವಸಂಸ್ಥೆಯ ವಿಕಲಚೇತನರ ಹಕ್ಕುಗಳ ಒಡಂಬಡಿಕೆ. 2006ರ ಡಿಸೆಂಬರ್ 13ರಂದು ಅಂಗೀಕಾರವಾಯಿತು. ಸಹಿಗೆ ತೆರೆದ ಮೊದಲ ದಿನವೇ, 2007ರ ಮಾರ್ಚ್ 30ರಂದು, ಭಾರತ ಸಹಿ ಹಾಕಿತು. ಅದೇ ವರ್ಷ ಅಕ್ಟೋಬರ್ 1ರಂದು ಅನುಮೋದಿಸಿತು. ಈ ವಿಷಯದಲ್ಲಿ ನಾವು ಹಿಂದೆ ಬಿದ್ದಿರಲಿಲ್ಲ.

ಈ ಒಡಂಬಡಿಕೆ ಮಾಡಿದ ದೊಡ್ಡ ಕೆಲಸ ಏನಂದ್ರೆ ಪ್ರಶ್ನೆಯ ದಿಕ್ಕನ್ನೇ ಬದಲಿಸಿದ್ದು. ‘ಇವನಿಗೆ ಏನಾಗಿದೆ’ ಅನ್ನುವುದರ ಜೊತೆಗೆ ‘ಇವನ ಸುತ್ತ ಏನು ಅಡ್ಡ ಇದೆ’ ಅಂತಲೂ ಕೇಳಬೇಕು ಅಂದಿತು. ಕಾಲು ನಡೆಯದಿರುವುದು ದೇಹದ ಸ್ಥಿತಿ. ಆಸ್ಪತ್ರೆಗೆ ಮೆಟ್ಟಿಲು ಮಾತ್ರ ಇರುವುದು ನಾವು ಕಟ್ಟಿದ್ದು. ಅಂಗವಿಕಲ, ವಿಕಲಚೇತನ, ದಿವ್ಯಾಂಗ ಅಂತ ಹೆಸರು ಎಷ್ಟು ಸಲ ಬದಲಾದರೂ ಮೆಟ್ಟಿಲು ಹಾಗೇ ಇದ್ದರೆ ಪ್ರಯೋಜನ ಏನು?

ಅದರ 25 ಮತ್ತು 26ನೇ ವಿಧಿಗಳು ಆರೋಗ್ಯ ಮತ್ತು ಪುನರ್ವಸತಿ ಸೇವೆ ಆದಷ್ಟು ಜನರಿರುವಲ್ಲೇ, ಹಳ್ಳಿಗಳಲ್ಲೂ, ಸಿಗಬೇಕು ಅನ್ನುತ್ತವೆ. ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಅಂತ ಆಂಬುಲೆನ್ಸಿನಲ್ಲಿ ಓಡಿ ಗೊತ್ತಿರುವ ನಮ್ಮ ಜಿಲ್ಲೆಯವರಿಗೆ ಈ ಸಾಲಿನ ಅರ್ಥ ಬಿಡಿಸಿ ಹೇಳಬೇಕಿಲ್ಲ. ಫಿಸಿಯೋಥೆರಪಿ ಅನ್ನೋದು ಒಂದು ಸಲ ಹೋಗಿ ಬರುವ ಆಪರೇಶನ್ ಅಲ್ಲ. ವಾರ ವಾರ, ವರ್ಷಗಟ್ಟಲೆ ಬೇಕಾಗುವಂಥದ್ದು. ಒಬ್ಬರನ್ನು ಕರೆದುಕೊಂಡು ಹೋಗೋಕೆ ಮನೆಯ ಇನ್ನೊಬ್ಬರು ಒಂದು ದಿನದ ಕೂಲಿ ಬಿಡಬೇಕು, ಬಾಡಿಗೆ ಗಾಡಿ ಮಾಡಬೇಕು. ಹಾಗಾಗಿ ನಾಲ್ಕು ಸಲ ಹೋದವರು ಐದನೇ ಸಲ ಹೋಗಲ್ಲ. ದಕ್ಷಿಣ ಕನ್ನಡದ ಕೊಕ್ಕಡ, ಕೊಯಿಲದಲ್ಲಿ ಬಾಧಿತರಿಗಾಗಿ ಹಗಲು ಪಾಲನಾ ಕೇಂದ್ರಗಳಾದವು. ಬೆಳಗ್ಗೆ ಬಿಟ್ಟು ಸಂಜೆ ಕರೆದೊಯ್ಯುವ ಜಾಗ ಇದ್ದರೆ ಮನೆಯವರು ಕೆಲಸಕ್ಕೆ ಹೋಗಬಹುದು. ನಮ್ಮ ಮೂರೂ ತಾಲ್ಲೂಕಿನ ಪ್ರತಿ ಬಾಧಿತ ಕುಟುಂಬಕ್ಕೂ ಅಂಥ ಸೌಲಭ್ಯ ಕೈಗೆಟುಕುವಷ್ಟು ಹತ್ತಿರ ಇರಬೇಕು. ಅದು ಕೇಳಿಕೊಳ್ಳುವ ಉಪಕಾರ ಅಲ್ಲ, ದೇಶ ಸಹಿ ಹಾಕಿದ ಮಾತು.

ಹಾಗೇ 32ನೇ ವಿಧಿ. ಅದರ ಹೆಸರೇ ಅಂತರರಾಷ್ಟ್ರೀಯ ಸಹಕಾರ. ಸಂಶೋಧನೆ, ತರಬೇತಿ, ತಂತ್ರಜ್ಞಾನ, ಸಹಾಯಕ ಸಾಧನಗಳನ್ನು ದೇಶಗಳು ಪರಸ್ಪರ ಹಂಚಿಕೊಳ್ಳಬೇಕು ಅಂತ ಹೇಳುತ್ತೆ. ಜೊತೆಗೆ ಇನ್ನೊಂದು ಮಾತೂ ಇದೆ: ಹೊರಗಿನ ಸಹಕಾರ ಇರಲಿ ಇಲ್ಲದಿರಲಿ, ಪ್ರತಿ ದೇಶದ ಸ್ವಂತ ಹೊಣೆ ಹಾಗೇ ಉಳಿಯುತ್ತೆ. ಅಂದ್ರೆ ‘ಫಂಡ್ ಬಂದಿಲ್ಲ’ ಅನ್ನೋದು ನೆಪ ಆಗುವಂತಿಲ್ಲ.

ಒಡಂಬಡಿಕೆಗೆ ತಕ್ಕಂತೆ ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯ್ತು. ಏಳು ಬಗೆಯ ವೈಕಲ್ಯ ಇದ್ದ ಪಟ್ಟಿ 21ಕ್ಕೆ ಏರಿತು. ಕಾಗದದ ಮೇಲೆ ಬಲವಾದ ಕಾಯ್ದೆ. ಆದರೂ ಒಂದೇ ವಿಷ, ಒಂದೇ ಕರಾವಳಿ ಇದ್ದರೂ ಪರಿಹಾರಕ್ಕೆ ರಾಜ್ಯದ ಗಡಿ ಅಡ್ಡ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಬಾಧಿತರಿಗೆ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು ಕೇರಳ ಸರ್ಕಾರಕ್ಕೆ. ಗಡಿಯ ಈಚೆಗಿನ ಕುಟುಂಬಕ್ಕೆ ಅದು ತಾನಾಗಿ ಸಿಗಲಿಲ್ಲ. ಜಗತ್ತಿನ ದೇಶಗಳು ಒಂದಾಗಿ ವಿಷ ನಿಲ್ಲಿಸಬಹುದಾದರೆ, ಪಕ್ಕಪಕ್ಕದ ಎರಡು ರಾಜ್ಯಗಳು ಒಂದೇ ಅಳತೆಯಲ್ಲಿ ಪರಿಹಾರ ಕೊಡೋಕೆ ಕಷ್ಟ ಏನಿದೆ?

ನಮ್ಮ ಸಿಲಬಸ್‌ಗೂ ಇದಕ್ಕೂ ಏನು ಸಂಬಂಧ?

‘ಇದೆಲ್ಲ ಸರ್ಕಾರದ ಕೆಲಸ, ಡಾಕ್ಟರ್ ಕೆಲಸ, ನಮಗೆ ಇಂಟರ್ನಲ್ಸ್ ಇದೆ’ ಅಂತ ನೀವು ಹೇಳಬಹುದು. ಸ್ವಲ್ಪ ತಡೀರಿ. 2016ರ ಕಾಯ್ದೆಯ 47ನೇ ಸೆಕ್ಷನ್ ಯಾರ್ಯಾರ ಓದಿನಲ್ಲಿ ವೈಕಲ್ಯದ ವಿಷಯ ಇರಬೇಕು ಅಂತ ಪಟ್ಟಿ ಕೊಡುತ್ತೆ. ವೈದ್ಯರು, ನರ್ಸ್‌ಗಳು, ಆಶಾ ಕಾರ್ಯಕರ್ತೆಯರ ಜೊತೆಗೆ ಆ ಪಟ್ಟಿಯಲ್ಲಿ ಎಂಜಿನಿಯರ್‌ಗಳೂ ಇದ್ದಾರೆ. ಒಡಂಬಡಿಕೆಯ 4ನೇ ವಿಧಿಯಲ್ಲಂತೂ ಕಡಿಮೆ ಬೆಲೆಯ ಸಹಾಯಕ ತಂತ್ರಜ್ಞಾನದ ಸಂಶೋಧನೆ ಸರ್ಕಾರಗಳ ಕರ್ತವ್ಯ. ಆ ಸಂಶೋಧನೆ ಎಲ್ಲಿ ನಡೆಯಬೇಕು? ನಮ್ಮಂಥ ಕಾಲೇಜುಗಳ ಲ್ಯಾಬಿನಲ್ಲಿ ತಾನೇ?

2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಸೇರಿ ಒಂದು ವರದಿ ತಂದವು. ಕನ್ನಡಕ, ಶ್ರವಣ ಸಾಧನ, ವ್ಹೀಲ್‌ಚೇರ್, ಮಾತಿಗೆ ನೆರವಾಗುವ ಆ್ಯಪ್, ಹೀಗೆ ಯಾವುದಾದರೊಂದು ಸಹಾಯಕ ಸಾಧನ ಬೇಕಾದವರು ಜಗತ್ತಿನಲ್ಲಿ 250 ಕೋಟಿಗೂ ಹೆಚ್ಚು. ಅದರಲ್ಲಿ ಸುಮಾರು 100 ಕೋಟಿ ಜನರಿಗೆ ಅದು ಸಿಗ್ತಿಲ್ಲ. ಇಷ್ಟು ದೊಡ್ಡ ಬೇಡಿಕೆ ಇರುವ ಕಡೆ ನಾವು ಮತ್ತೊಂದು ‘ಸ್ಮಾರ್ಟ್ ಡಸ್ಟ್‌ಬಿನ್’ ಮಾಡಿ ವೈವಾ ಮುಗಿಸ್ತೀವಿ.

ವ್ಹೀಲ್‌ಚೇರನ್ನೇ ತಗೊಳ್ಳಿ. ಶಿಬಿರ ಆಗುತ್ತೆ, ಶಾಲು ಹಾಕ್ತಾರೆ, ಗಾಡಿ ಕೊಡ್ತಾರೆ, ಫೋಟೋ ಪೇಪರಿನಲ್ಲಿ ಬರುತ್ತೆ. ಕೊಡುವುದು ಸಾಮಾನ್ಯವಾಗಿ ಆಸ್ಪತ್ರೆಯ ನುಣುಪು ನೆಲಕ್ಕೆ ಮಾಡಿದ, ಎಲ್ಲರಿಗೂ ಒಂದೇ ಸೈಜಿನ ಗಾಡಿ. ನಮ್ಮ ಕಡೆ ಮನೆಯಂಗಳ ಚಿರೆಕಲ್ಲಿನದು, ದಾರಿ ಏರು ತಗ್ಗಿನದು, ಮಳೆ ನಾಲ್ಕು ತಿಂಗಳು, ಸಮುದ್ರದ ಉಪ್ಪು ಗಾಳಿ ವರ್ಷವಿಡೀ. ಮುಂದಿನ ಸಣ್ಣ ಚಕ್ರ ಮಣ್ಣಿನಲ್ಲಿ ಹೂತುಹೋಗುತ್ತೆ, ಬೇರಿಂಗ್ ತುಕ್ಕು ಹಿಡಿಯುತ್ತೆ. ಬೆನ್ನು ನೇರ ನಿಲ್ಲದವರಿಗೆ ಪಕ್ಕದ ಆಧಾರ ಇಲ್ಲದಿದ್ದರೆ ಅದೇ ಗಾಡಿ ಹುಣ್ಣು ಮಾಡುತ್ತೆ, ಬೆನ್ನನ್ನು ಇನ್ನಷ್ಟು ಬಾಗಿಸುತ್ತೆ. ಆರು ತಿಂಗಳಿಗೆ ಅದು ಮೂಲೆ ಸೇರುತ್ತೆ. ‘ಕೊಟ್ಟಾಯ್ತು’ ಅಂತ ದಾಖಲೆಯಲ್ಲಿ ಮಾತ್ರ ಉಳಿಯುತ್ತೆ. ಅಳತೆ ತೆಗೆದು, ಹೊಂದಿಸಿ, ಕಲಿಸಿ, ಆಮೇಲೆ ರಿಪೇರಿಗೂ ವ್ಯವಸ್ಥೆ ಮಾಡಿದರೆ ಮಾತ್ರ ವ್ಹೀಲ್‌ಚೇರ್ ಕೊಟ್ಟ ಹಾಗೆ ಅಂತ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಮಾರ್ಗಸೂಚಿ ಬರೆದಿದೆ.

ಇದಕ್ಕೆ ಉತ್ತರ ಹುಡುಕಿದವರ ಕಥೆ ಮೆಕ್ಯಾನಿಕಲ್‌ನವರು ಓದಲೇಬೇಕು. ಅಮೆರಿಕದ ರಾಲ್ಫ್ ಹಾಚ್‌ಕಿಸ್ ಅನ್ನುವ ಎಂಜಿನಿಯರ್ ಸ್ವತಃ ವ್ಹೀಲ್‌ಚೇರ್ ಬಳಸುವವರು. 1980ರಲ್ಲಿ ನಿಕರಾಗುವಾದ ವ್ಹೀಲ್‌ಚೇರ್ ಬಳಕೆದಾರರ ಜೊತೆ ಕೂತು ಕಲಿತು, ಬಡ ದೇಶಗಳ ಹಳ್ಳಿ ದಾರಿಗೆ ತಕ್ಕ ಗಾಡಿಗಳನ್ನು ರೂಪಿಸುತ್ತ ಬಂದರು. ‘ರಫ್‌ರೈಡರ್’ ಅನ್ನುವುದು ಅಂಥ ಒಂದು ವಿನ್ಯಾಸ. ಸೈಕಲ್ ಅಂಗಡಿಯಲ್ಲಿ ಸಿಗುವ ಚಕ್ರ ಬಳಸಬಹುದು. ಮುಂದಿನ ಅಗಲವಾದ ರಬ್ಬರ್ ಚಕ್ರದ ಐಡಿಯಾ ಬಂದದ್ದು ಜಿಂಬಾಬ್ವೆಯಿಂದ. ನೋಡಿ, ಅಮೆರಿಕದವರು ಕೊಟ್ಟರು, ಬಡವರು ತಗೊಂಡರು ಅನ್ನುವ ಕಥೆ ಅಲ್ಲ ಇದು. ಚಕ್ರ ಒಬ್ಬರದು, ಚೌಕಟ್ಟು ಇನ್ನೊಬ್ಬರದು. ನಮ್ಮ ಮಟ್ಟಿಗೆ ಸಹಕಾರ ಅಂದ್ರೆ ಇದು. ಕುಮಟಾದ ಸೈಕಲ್ ಅಂಗಡಿಯವರು ರಿಪೇರಿ ಮಾಡಬಲ್ಲ, ಉಪ್ಪು ಗಾಳಿ ತಾಳುವ ಗಾಡಿಯನ್ನು ನಾವು ಮಾಡಿದರೆ ಅದು ಇನ್ನೊಂದು ಕರಾವಳಿಗೂ ಉಪಯೋಗಕ್ಕೆ ಬರುತ್ತೆ.

ಸಿವಿಲ್‌ನವರಿಗೆ ಒಂದು ಲೆಕ್ಕ. ರ‍್ಯಾಂಪಿನ ಇಳಿಜಾರು 1:12ಕ್ಕಿಂತ ಕಡಿದಾಗಿರಬಾರದು. ಮನೆಯ ಜಗಲಿ ನೆಲದಿಂದ 45 ಸೆಂಟಿಮೀಟರ್ ಎತ್ತರ ಇದ್ದರೆ ರ‍್ಯಾಂಪ್ 5.4 ಮೀಟರ್ ಉದ್ದ ಬೇಕು. ಅಷ್ಟು ಜಾಗ ಎಷ್ಟು ಅಂಗಳದಲ್ಲಿದೆ? ಇಲ್ಲದಿದ್ದರೆ ತಿರುವು ಎಲ್ಲಿ ಕೊಡಬೇಕು, ಮಳೆ ನೀರು ಎಲ್ಲಿ ಹೋಗಬೇಕು, ಪಾಚಿ ಕಟ್ಟಿ ಜಾರದ ಹಾಗೆ ಮೇಲ್ಮೈ ಹೇಗಿರಬೇಕು? ಇವೆಲ್ಲ ಪುಸ್ತಕದಲ್ಲಿ ರೆಡಿ ಉತ್ತರ ಇಲ್ಲದ, ನಿಜವಾದ ಎಂಜಿನಿಯರಿಂಗ್ ಪ್ರಶ್ನೆಗಳು. ಹಾಗೇ ನಮ್ಮ ಕ್ಯಾಂಪಸ್ಸಿನ ಲ್ಯಾಬುಗಳಿಗೆ, ಕ್ಯಾಂಟೀನಿಗೆ, ಟಾಯ್ಲೆಟ್ಟಿಗೆ ವ್ಹೀಲ್‌ಚೇರಿನಲ್ಲಿ ಹೋಗಬಹುದಾ ಅಂತ ಟೇಪು ಹಿಡಿದು ಒಂದು ಸಲ ಅಳೆದು ನೋಡಿ. ‘ನಮ್ಮ ಕಾಲೇಜಲ್ಲಿ ಅಂಥವರು ಯಾರೂ ಇಲ್ಲವಲ್ಲ’ ಅನ್ನುವ ಮಾತಿಗೆ ಕಾರಣ ಆಮೇಲೆ ಗೊತ್ತಾದೀತು. ಉನ್ನತ ಶಿಕ್ಷಣದಲ್ಲಿ ಅವರಿಗೆ ಶೇ 5ರ ಮೀಸಲಾತಿ ಇದೆ. ಸೀಟು ಇದ್ದು ಮೆಟ್ಟಿಲು ಹತ್ತೋಕಾಗದಿದ್ದರೆ ಅದು ಎಂಥ ಮೀಸಲಾತಿ?

ಕನ್ನಡ ಸಂಘದ ಕೆಲಸವೂ ಇದೆ

ಕಂಪ್ಯೂಟರ್ ಸೈನ್ಸ್, ಇಸಿಯವರಿಗೆ ಮತ್ತು ಕನ್ನಡ ಸಂಘದ ನಮಗೆ ಒಟ್ಟಿಗೆ ಸೇರುವ ಕೆಲಸ ಭಾಷೆಯದು. ಮಾತು ಬಾರದವರಿಗೆ ಚಿತ್ರ ಮುಟ್ಟಿದರೆ ಮಾತನಾಡುವ ಆ್ಯಪ್‌ಗಳಿವೆ. ಆದರೆ ನಮ್ಮ ಕಡೆ ಮನೆಯೊಳಗಿನ ಮಾತು ಒಂದೇ ಅಲ್ಲ. ಭಟ್ಕಳದಲ್ಲಿ ನವಾಯತಿ, ಕೆಲವು ಮನೆಗಳಲ್ಲಿ ಕೊಂಕಣಿ, ಇನ್ನು ಕೆಲವು ಕಡೆ ಹವ್ಯಕ ಕನ್ನಡ, ಹಾಲಕ್ಕಿಗಳ ಕನ್ನಡ. ಹುಟ್ಟಿದಾಗಿನಿಂದ ಅಮ್ಮನ ಮಾತು ಕೇಳುತ್ತ ಬೆಳೆದವರಿಗೆ ನ್ಯೂಸ್ ಓದುವ ಧಾಟಿಯ ಕನ್ನಡದಲ್ಲಿ ‘ನನಗೆ ಬಾಯಾರಿಕೆಯಾಗಿದೆ’ ಅಂದರೆ ಅದು ಅವರ ಮಾತು ಅನ್ನಿಸೀತಾ? ಆ ಮನೆಯವರದೇ ದನಿಯಲ್ಲಿ ನೂರು ಮಾತು ರೆಕಾರ್ಡ್ ಮಾಡಿ, ನೆಟ್‌ವರ್ಕ್ ಇಲ್ಲದೆಯೂ ಕೆಲಸ ಮಾಡುವ ಹಾಗೆ ಹಾಕಿಕೊಡೋದು ಒಂದು ಮಿನಿ ಪ್ರಾಜೆಕ್ಟಿನಷ್ಟು ಕೆಲಸ. ಇದನ್ನು ಬೆಂಗಳೂರಿನಲ್ಲಿ ಕೂತವರು ಮಾಡೋಕಾಗಲ್ಲ, ಜಿನೀವಾದವರಂತೂ ಆಗಲ್ಲ. ನಮಗೆ ಆಗುತ್ತೆ.

ಇನ್ನೊಂದು ಕೆಲಸ ಇನ್ನೂ ಸುಲಭ. ವಿಶ್ವಸಂಸ್ಥೆಯ ಒಡಂಬಡಿಕೆಯ ಅಧಿಕೃತ ಪಠ್ಯ ಇರುವುದು ಆರು ಭಾಷೆಗಳಲ್ಲಿ. ಆ ಆರರಲ್ಲಿ ಕನ್ನಡ ಇಲ್ಲ. ಕಾಯ್ದೆ, ಯುಡಿಐಡಿ ಕಾರ್ಡು, ಮಾಸಾಶನ, ಉಪಕರಣದ ಅರ್ಜಿ, ಇವೆಲ್ಲವನ್ನೂ ಸಣ್ಣ ವಾಕ್ಯ, ದೊಡ್ಡ ಅಕ್ಷರ, ಚಿತ್ರದ ಜೊತೆ ಒಂದೊಂದು ಪುಟದ ಸರಳ ಕನ್ನಡಕ್ಕೆ ತರೋಣ. ಯುನಿಕೋಡ್‌ನಲ್ಲೇ ತರೋಣ. ಹಳೇ ಫಾಂಟಿನಲ್ಲಿ ಟೈಪ್ ಮಾಡಿದ ಪುಟ ನಮ್ಮ ಕಣ್ಣಿಗೆ ಕನ್ನಡ, ಸ್ಕ್ರೀನ್ ರೀಡರ್‌ಗೆ ಬರೀ ಅರ್ಥವಿಲ್ಲದ ಚಿಹ್ನೆ. ಕಣ್ಣು ಕಾಣದವರು ಬಳಸುವ, ದುಡ್ಡು ಕೊಡಬೇಕಿಲ್ಲದ ಎನ್‌ವಿಡಿಎ ತಂತ್ರಾಂಶವನ್ನು 2006ರಲ್ಲಿ ಶುರು ಮಾಡಿದ್ದು ಆಸ್ಟ್ರೇಲಿಯಾದ ಅಂಧ ಯುವಕರು. ಎಷ್ಟೋ ದೇಶದವರು ಸೇರಿ ಬೆಳೆಸಿದ ಆ ತಂತ್ರಾಂಶ ಕನ್ನಡವನ್ನೂ ಓದುತ್ತೆ. ಓದುವಂಥ ಕನ್ನಡವನ್ನು ಅದಕ್ಕೆ ಕೊಡೋದು ಮಾತ್ರ ನಮ್ಮ ಕೈಲಿದೆ.

ಎಲ್ಲಿಂದ ಶುರು ಮಾಡೋದು ಅಂತೀರಾ? ಗ್ರಾಮ ಪಂಚಾಯಿತಿಯಿಂದ. ನಮ್ಮ ರಾಜ್ಯದಲ್ಲಿ ಪಂಚಾಯಿತಿ ಮಟ್ಟಕ್ಕೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಯಾವ ಮನೆಯಲ್ಲಿ ಏನು ಬೇಕು ಅಂತ ಅವರಿಗೆ ಗೊತ್ತು. ಪಂಚಾಯಿತಿಯಲ್ಲಿ ವಿಕಲಚೇತನರಿಗಾಗಿಯೇ ಶೇ 5ರಷ್ಟು ಹಣ ಮೀಸಲಿಡಬೇಕು ಅಂತಲೂ ಇದೆ. ಪ್ರಾಜೆಕ್ಟಿಗೆ ದುಡ್ಡು ಬೇಕಾದರೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆ ಇದ್ದೇ ಇದೆ.

ಹೋಗುವಾಗ ಒಂದು ನಿಯಮ ಮಾತ್ರ ಬಿಡೋದು ಬೇಡ. ‘ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನೂ ಬೇಡ’ ಅನ್ನೋದು ಜಗತ್ತಿನ ವಿಕಲಚೇತನರ ಚಳವಳಿಯ ಘೋಷಣೆ. ಅದಕ್ಕೇ ಮೊದಲು ಕೇಳೋಣ, ಆಮೇಲೆ ಸರ್ಕ್ಯೂಟ್ ಬರೆಯೋಣ. ಅವರಿಗೆ ಬೇಕಿರೋದು ರೋಬೋಟ್ ಅಲ್ಲದೆ ಬರೀ ಸರಿಯಾದ ಎತ್ತರದ ಸ್ನಾನದ ಕುರ್ಚಿ ಆಗಿದ್ದರೆ ಕುರ್ಚಿಯನ್ನೇ ಮಾಡೋಣ. ಬಹುಮಾನ ಬರದಿದ್ದರೂ ಸರಿ. ಫೋಟೋ ಬೇಡ, ಹೆಸರು ಹಾಕೋದು ಬೇಡ. ಡೆಮೊ ಮುಗಿದ ಮೇಲೆ ಮಾಡಿದ್ದನ್ನು ವಾಪಸ್ ತರೋದಂತೂ ಬೇಡವೇ ಬೇಡ. ನಾವು ಪಾಸಾಗಿ ಹೋದ ಮೇಲೆ ರಿಪೇರಿಗೆ ಯಾವ ಜೂನಿಯರ್‌ಗೆ ಫೋನ್ ಮಾಡಬೇಕು ಅನ್ನೋದನ್ನೂ ಬರೆದಿಟ್ಟು ಬರೋಣ.

ವಿಷ ನಿಲ್ಲಿಸೋಕೆ ಎಷ್ಟೋ ದೇಶಗಳು ಒಂದು ಕೋಣೆಯಲ್ಲಿ ಕೂರಬೇಕಾಯ್ತು. ಆ ವಿಷ ಬಿಟ್ಟುಹೋದ ಬದುಕುಗಳಿಗೆ ಆಸರೆ ಆಗೋಕೆ ಅಷ್ಟು ದೂರ ಹೋಗಬೇಕಿಲ್ಲ. ಒಪ್ಪಂದ ಬರೆದಾಗಿದೆ, ಕಾಯ್ದೆ ಬಂದಾಗಿದೆ, ವಿನ್ಯಾಸಗಳೂ ಜಗತ್ತಿನಲ್ಲಿ ಸಿಗುತ್ತವೆ. ಉಳಿದಿರೋದು ಕಾಲೇಜು ಗೇಟಿನಿಂದ ಆ ಮನೆಯ ಜಗಲಿಯವರೆಗಿನ ದಾರಿ. ಈ ಸಲ ಫೈನಲ್ ಇಯರ್ ಪ್ರಾಜೆಕ್ಟಿನ ಟೈಟಲ್ ಬರೆಯೋ ಮುಂಚೆ ಒಂದು ಸಲ ಪಂಚಾಯಿತಿ ಕಚೇರಿಗೆ ಹೋಗಿ ಬನ್ನಿ. ನಾವೂ ಬರ್ತೀವಿ.